ಕಾರ್ಟಿಸಾಲ್ ಇಲ್ಲದ ನಾಯಿ, ಕಾರ್ಟಿಸಾಲ್ ಹುಡುಕುವ ಲದ್ದಿ

ಮೂರ್ನಾಲ್ಕು ತಿಂಗಳಿಂದ ಆಗಾಗ ವಾಂತಿ. ಎರಡು ದಿನ ಊಟ ಬಿಡುತ್ತದೆ, ಡ್ರಿಪ್ ಹಾಕಿಸಿದರೆ ಮಾರನೇ ದಿನವೇ ಬಾಲ ಅಲ್ಲಾಡಿಸುತ್ತದೆ, ಹದಿನೈದು ದಿನ ಚೆನ್ನಾಗಿದ್ದು ಮತ್ತೆ ಮಂಚದ ಕೆಳಗೆ ಸೇರುತ್ತದೆ. ಫೈಲು ತೆರೆದರೆ ಒಮ್ಮೆ ಗ್ಯಾಸ್ಟ್ರೈಟಿಸ್, ಒಮ್ಮೆ ಜಂತುಹುಳ, ಒಮ್ಮೆ ಉಣ್ಣಿ ಜ್ವರ ಎಂದು ಬರೆದಿರುತ್ತದೆ. ಪ್ರತಿ ಸಲವೂ ಚಿಕಿತ್ಸೆ ಫಲಿಸಿದೆ, ಪ್ರತಿ ಸಲವೂ ಕಾಯಿಲೆ ಮರಳಿದೆ. ಮೂರರಿಂದ ಆರು ವರ್ಷದ ನಾಯಿಯ ಫೈಲು ಹೀಗಿದ್ದರೆ ಅಡಿಸನ್ ಕಾಯಿಲೆಯನ್ನು, ಅಂದರೆ ಕಿಡ್ನಿಯ ಪಕ್ಕದ ಪುಟ್ಟ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್‌ನಂಥ ಹಾರ್ಮೋನು ತಯಾರಿಸಲಾಗದೆ ಸೋಲುವುದನ್ನು, ಒಮ್ಮೆ ಯೋಚಿಸಲೇಬೇಕು. ಸಾವಿರ ನಾಯಿಗಳಲ್ಲಿ ಒಂದಕ್ಕೋ ಎರಡಕ್ಕೋ ಬರುವ ಕಾಯಿಲೆ ಇದು. ಆದರೆ ಹಿಡಿದರೆ ನಾಯಿ ಪೂರ್ಣ ಆಯಸ್ಸು ಬದುಕುತ್ತದೆ, ತಪ್ಪಿಸಿಕೊಂಡರೆ ಒಂದು ರಾತ್ರಿಯಲ್ಲಿ ಹೋಗುತ್ತದೆ. ಅಪರೂಪದ ಕಾಯಿಲೆಗಳಲ್ಲಿ ಇಷ್ಟು ಸ್ಪಷ್ಟ ಲಾಭ ಕೊಡುವುದು ಹೆಚ್ಚಿಲ್ಲ.

ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಅಡಿಸನ್ 1855ರಲ್ಲಿ ಮನುಷ್ಯರಲ್ಲಿ ಇದನ್ನು ವಿವರಿಸಿದ. ನಾಯಿಯಲ್ಲಿ ಇದು ವರದಿಯಾದದ್ದು ಸುಮಾರು ನೂರು ವರ್ಷದ ನಂತರ, 1953ರಲ್ಲಿ. ಅಡಿಸನ್ ಕಂಡ ರೋಗಿಗಳಲ್ಲಿ ಹಲವರಿಗೆ ಕಾರಣ ಕ್ಷಯ, ನಾಯಿಗಳಲ್ಲಿ ಬಹುತೇಕ ದೇಹದ ರೋಗನಿರೋಧಕ ವ್ಯವಸ್ಥೆಯೇ ಅಡ್ರಿನಲ್ ಗ್ರಂಥಿಯ ಹೊರಪದರವನ್ನು ನಾಶ ಮಾಡುತ್ತದೆ. ಮನುಷ್ಯರಲ್ಲಿ ಚರ್ಮ ಕಪ್ಪಾಗುವ ಲಕ್ಷಣ ಪ್ರಸಿದ್ಧ. ನಾಯಿಯಲ್ಲಿ ಅದನ್ನು ಹುಡುಕುತ್ತಾ ಕೂರಬೇಡಿ.

ಆ ಹೊರಪದರ ಎರಡು ಮುಖ್ಯ ಹಾರ್ಮೋನು ತಯಾರಿಸುತ್ತದೆ. ಅಲ್ಡೋಸ್ಟಿರಾನ್ ಕಿಡ್ನಿಗೆ ಸೋಡಿಯಂ ಉಳಿಸಿಕೊಂಡು ಪೊಟ್ಯಾಸಿಯಂ ಹೊರಹಾಕಲು ಹೇಳುತ್ತದೆ. ಕಾರ್ಟಿಸಾಲ್ ರಕ್ತದ ಸಕ್ಕರೆ, ರಕ್ತದೊತ್ತಡ, ಕರುಳಿನ ಒಳಪದರ ಇವನ್ನು ಸಂಕಟದ ಹೊತ್ತಿನಲ್ಲಿ ಹಿಡಿದು ನಿಲ್ಲಿಸುತ್ತದೆ. ಸುಮಾರು ಶೇ 90ರಷ್ಟು ಗ್ರಂಥಿ ಹಾಳಾಗುವವರೆಗೆ ಹೊರಗೆ ಏನೂ ಕಾಣದು. ಬಾವಿ ತಳ ಮುಟ್ಟುವವರೆಗೂ ಕೊಡ ತುಂಬುತ್ತಲೇ ಇರುತ್ತದಲ್ಲ, ಹಾಗೆ. ಆಮೇಲೆ ದೀಪಾವಳಿಯ ಪಟಾಕಿಯೋ, ಮನೆಯವರು ಊರಿಗೆ ಹೋದಾಗ ಬೋರ್ಡಿಂಗ್‌ನಲ್ಲಿ ಬಿಟ್ಟ ನಾಲ್ಕು ದಿನವೋ, ಒಂದು ಆಪರೇಷನ್ನೋ ಸಾಕು. ಆರೋಗ್ಯವಂತ ನಾಯಿ ಅಂಥ ದಿನ ಕಾರ್ಟಿಸಾಲ್ ಏರಿಸಿ ದಾಟಿಕೊಳ್ಳುತ್ತದೆ, ಇದಕ್ಕೆ ಏರಿಸಲು ಏನೂ ಉಳಿದಿಲ್ಲ. ಹಾಗಾಗಿ ಮನೆಯವರನ್ನು ಕೇಳಬೇಕಾದ ಮೊದಲ ಪ್ರಶ್ನೆ "ಏನು ತಿಂತು?" ಅಲ್ಲ, "ಕಾಯಿಲೆ ಬೀಳುವ ಹಿಂದಿನ ವಾರ ಮನೇಲಿ ಏನು ವಿಶೇಷ ಇತ್ತು?" ಎಂಬುದು.

ಸ್ಟ್ಯಾಂಡರ್ಡ್ ಪೂಡಲ್, ಪೋರ್ಚುಗೀಸ್ ವಾಟರ್ ಡಾಗ್, ಬಿಯರ್ಡೆಡ್ ಕಾಲಿ ತಳಿಗಳಲ್ಲಿ ಇದು ವಂಶವಾಹಿಯಾಗಿ ಹೆಚ್ಚು. ನಮ್ಮಲ್ಲಿ ಆ ತಳಿಗಳೇ ಅಪರೂಪ. ಗ್ರೇಟ್ ಡೇನ್, ರಾಟ್‌ವೈಲರ್‌ಗಳಿಗೂ ಅಪಾಯ ಹೆಚ್ಚೆಂದು ದಾಖಲಾಗಿದೆ. ಒಟ್ಟಾರೆ ಹೆಣ್ಣುನಾಯಿಗಳಲ್ಲಿ ಹೆಚ್ಚು. ಹಾಗೆಂದು ಬೀದಿಯಿಂದ ತಂದು ಸಾಕಿದ ಗಂಡುನಾಯಿಗೆ ಬರುವುದಿಲ್ಲ ಎಂದೇನಿಲ್ಲ.

ರಕ್ತಪರೀಕ್ಷೆಯ ಹಾಳೆಯಲ್ಲಿ ಎಲ್ಲರೂ ನೋಡುವುದು ಸೋಡಿಯಂ, ಪೊಟ್ಯಾಸಿಯಂ. ಸೋಡಿಯಂ ಅನ್ನು ಪೊಟ್ಯಾಸಿಯಂನಿಂದ ಭಾಗಿಸಿ. ಆರೋಗ್ಯವಂತ ನಾಯಿಯಲ್ಲಿ ಉತ್ತರ 27ರಿಂದ 40ರ ನಡುವೆ ಇರುತ್ತದೆ. 27ಕ್ಕಿಂತ ಕಡಿಮೆಯಾದರೆ ಅನುಮಾನ, 20ಕ್ಕಿಂತ ಕೆಳಗಿಳಿದರೆ ಬಲವಾದ ಅನುಮಾನ. ಸೋಡಿಯಂ 128, ಪೊಟ್ಯಾಸಿಯಂ 6.9 ಎಂದಿದ್ದರೆ ಅನುಪಾತ ಸುಮಾರು 18.6, ಅಲ್ಲಿ ತಡ ಮಾಡುವ ಹಾಗಿಲ್ಲ. ಆದರೆ ಈ ಲೆಕ್ಕ ಮೋಸ ಮಾಡುವ ದಾರಿಗಳು ಹಲವು. ರಕ್ತವನ್ನು ಮೊದಲು ನೇರಳೆ ಮುಚ್ಚಳದ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ಟ್ಯೂಬಿಗೆ ಹಾಕಿ, ಅದೇ ಸೂಜಿಯ ತುದಿ ತಾಗಿಸಿ ಕೆಂಪು ಮುಚ್ಚಳದ್ದಕ್ಕೆ ಹಾಕಿದರೆ ಇಡಿಟಿಎಯ ಪೊಟ್ಯಾಸಿಯಂ ಸೀರಂಗೆ, ಅಂದರೆ ಹೆಪ್ಪುಗಟ್ಟಿದ ರಕ್ತದ ಮೇಲಿನ ತಿಳಿಗೆ, ಸೇರುತ್ತದೆ. ಪೊಟ್ಯಾಸಿಯಂ ವಿಪರೀತ ಜಾಸ್ತಿ, ಜತೆಗೆ ಕ್ಯಾಲ್ಸಿಯಂ ನಂಬಲಾಗದಷ್ಟು ಕಡಿಮೆ ಎಂದು ವರದಿ ಬಂದರೆ ನಾಯಿಯನ್ನಲ್ಲ, ಟ್ಯೂಬನ್ನು ಅನುಮಾನಿಸಿ. ಕೆಂಪು ಟ್ಯೂಬು ಮೊದಲು, ನೇರಳೆ ಕೊನೆಗೆ. ಮೂತ್ರ ಕಟ್ಟಿದ ನಾಯಿ, ವಿಪ್‌ವರ್ಮ್ ಎಂಬ ಕರುಳಿನ ಹುಳದಿಂದ ತೀವ್ರ ಭೇದಿಯಾದ ನಾಯಿ, ಎದೆಯಲ್ಲಿ ನೀರು ತುಂಬಿ ಪದೇಪದೇ ತೆಗೆಸಿಕೊಂಡ ನಾಯಿ ಇವುಗಳಲ್ಲೂ ಅನುಪಾತ ಬೀಳುತ್ತದೆ. ಇದಕ್ಕೆ ವಿರುದ್ಧವಾಗಿ, ಕೆಲವು ಅಡಿಸನ್ ನಾಯಿಗಳಲ್ಲಿ ಎರಡೂ ಲವಣ ಸರಿಯಾಗೇ ಇರುತ್ತವೆ. ಕಾರ್ಟಿಸಾಲ್ ಮಾತ್ರ ಇರುವುದಿಲ್ಲ.

ಅಂಥವನ್ನು ಹಿಡಿಯುವ ಸುಳಿವು ಇನ್ನೊಂದು ಸಾಲಿನಲ್ಲಿದೆ, ಅದನ್ನು ಯಾರೂ ಓದುವುದಿಲ್ಲ. ಚೆನ್ನಾಗಿ ಕಾಯಿಲೆ ಬಿದ್ದ ನಾಯಿಯಲ್ಲಿ ಕಾರ್ಟಿಸಾಲ್ ಏರುವುದರಿಂದ ಲಿಂಫೋಸೈಟ್, ಇಯೊಸಿನೋಫಿಲ್ ಎಂಬ ಎರಡು ಬಗೆಯ ಬಿಳಿ ರಕ್ತಕಣಗಳೂ ಇಳಿದಿರಬೇಕು. ಸಾಯುವ ಹಾಗೆ ಮಲಗಿರುವ ನಾಯಿಯ ವರದಿಯಲ್ಲಿ ಅವು ಆರಾಮಾಗಿ ಸಹಜ ಮಟ್ಟದಲ್ಲಿದ್ದರೆ, ಇಲ್ಲವೇ ಹೆಚ್ಚಾಗಿದ್ದರೆ, ಏನೋ ಸರಿಯಿಲ್ಲ. "ನಾರ್ಮಲ್" ಎಂದು ಅಚ್ಚಾದ ಅಂಕಿಯೇ ಇಲ್ಲಿ ಅಸಹಜ. ಇದರ ಜತೆ ಸಕ್ಕರೆ, ಅಲ್ಬುಮಿನ್, ಕೊಲೆಸ್ಟ್ರಾಲ್ ಕಡಿಮೆಯಾಗಿದ್ದರೆ ಅನುಮಾನ ಗಟ್ಟಿ. ಕಿಡ್ನಿ ಹೊರಹಾಕಬೇಕಾದ ಯೂರಿಯ ಮತ್ತು ಕ್ರಿಯಾಟಿನಿನ್ ಏರಿರುತ್ತವೆ. ಸೋಡಿಯಂ ಇಲ್ಲದ ಕಿಡ್ನಿಗೆ ಮೂತ್ರ ಗಟ್ಟಿ ಮಾಡಲು ಆಗದ್ದರಿಂದ ಮೂತ್ರವೂ ತೆಳ್ಳಗಿರುತ್ತದೆ. ಎರಡನ್ನೂ ಕೂಡಿಸಿ "ಕಿಡ್ನಿ ಹೋಗಿದೆ, ಇನ್ನೇನೂ ಮಾಡೋಕಾಗಲ್ಲ" ಎಂದು ಕೈಚೆಲ್ಲುವುದು ಈ ಕಾಯಿಲೆಯಲ್ಲಿ ಆಗುವ ಅತಿ ದುಬಾರಿ ತಪ್ಪು. ನಾಲ್ಕು ವರ್ಷದ ನಾಯಿಯ ಕಿಡ್ನಿ ಹೋಗಿದೆ ಎಂದು ತೀರ್ಮಾನಿಸುವ ಮೊದಲು ಒಂದು ಕಾರ್ಟಿಸಾಲ್ ಪರೀಕ್ಷೆಗೆ ಖರ್ಚು ಮಾಡಿಸಿ.

ಬರಿಯ ಕಾರ್ಟಿಸಾಲ್ ಪರೀಕ್ಷೆ ಕಾಯಿಲೆ ಇಲ್ಲ ಎಂದು ಹೇಳಲು ಒಳ್ಳೆಯದು, ಇದೆ ಎಂದು ಹೇಳಲು ಸಾಲದು. ಡೆಸಿಲೀಟರಿಗೆ 2 ಮೈಕ್ರೋಗ್ರಾಂಗಿಂತ ಹೆಚ್ಚಿದ್ದರೆ ಅಡಿಸನ್ ಬಹುತೇಕ ಇಲ್ಲ. ಕಡಿಮೆ ಇದ್ದರೆ ಮುಂದಿನ ಪರೀಕ್ಷೆ ಬೇಕು, ಏಕೆಂದರೆ ಆರೋಗ್ಯವಂತ ನಾಯಿಯಲ್ಲೂ ಒಂದೊಂದು ಗಳಿಗೆ ಅದು 2ಕ್ಕಿಂತ ಕೆಳಗಿರುತ್ತದೆ. ನಮ್ಮಲ್ಲಿ ನಾಯಿಯ ಸೀರಂ ಬಹುಪಾಲು ಹೋಗುವುದು ಮನುಷ್ಯರ ಲ್ಯಾಬಿಗೆ. ಅಲ್ಲಿಯ ಹಾಳೆಯಲ್ಲಿ ಅಚ್ಚಾಗುವುದು ಮನುಷ್ಯರ ಬೆಳಗಿನ ಮಟ್ಟ, ಹೆಚ್ಚುಕಡಿಮೆ 5ರಿಂದ 25. ನಾಯಿಯ ಸಹಜ ಮಟ್ಟವೇ 1ರಿಂದ 6ರ ಆಸುಪಾಸು. ಹಾಗಾಗಿ 3.4 ಎಂಬ ಪೂರ್ತಿ ಸಹಜ ಅಂಕಿಯ ಪಕ್ಕದಲ್ಲಿ "ಲೋ" ಎಂದು ದಪ್ಪಕ್ಷರದಲ್ಲಿ ಬರುತ್ತದೆ, ಮನೆಯವರು ಗೂಗಲ್ ಮಾಡಿ ಗಾಬರಿಯಾಗುತ್ತಾರೆ. ಅಂಕಿ ಓದಿ, ಪಕ್ಕದ ಅಕ್ಷರ ಬಿಡಿ.

ಖಚಿತಪಡಿಸುವುದು ಎಸಿಟಿಎಚ್ ಪರೀಕ್ಷೆ; ಎಸಿಟಿಎಚ್ ಎಂದರೆ ಕಾರ್ಟಿಸಾಲ್ ತಯಾರಿಸು ಎಂದು ಅಡ್ರಿನಲ್‌ಗೆ ಹೇಳುವ ಹಾರ್ಮೋನು. ಮೊದಲು ಒಂದು ರಕ್ತದ ಮಾದರಿ, ನಂತರ ಕೃತಕ ಎಸಿಟಿಎಚ್ ಆದ ಟೆಟ್ರಾಕೊಸಾಕ್ಟೈಡ್ ಕೆಜಿಗೆ 5 ಮೈಕ್ರೋಗ್ರಾಂ ರಕ್ತನಾಳಕ್ಕೆ, ನಾಯಿ ಎಷ್ಟೇ ದೊಡ್ಡದಿರಲಿ 250 ಮೈಕ್ರೋಗ್ರಾಂ ಮೀರದಂತೆ. ಸರಿಯಾಗಿ ಒಂದು ಗಂಟೆಗೆ ಎರಡನೇ ರಕ್ತ. ಎರಡರಲ್ಲೂ ಕಾರ್ಟಿಸಾಲ್ 2ಕ್ಕಿಂತ ಕೆಳಗೇ ಉಳಿದರೆ ಅಡ್ರಿನಲ್ ಕೆಲಸ ಮಾಡುತ್ತಿಲ್ಲ. 250 ಮೈಕ್ರೋಗ್ರಾಂನ ಒಂದು ವಯಲ್‌ನಲ್ಲಿ 30 ಕೆಜಿ ನಾಯಿಗೆ 150 ಸಾಕು. ಉಳಿದದ್ದನ್ನು ಪ್ಲಾಸ್ಟಿಕ್ ಸಿರಿಂಜಿನಲ್ಲಿ ಪಾಲು ಮಾಡಿ ಮೈನಸ್ 20 ಡಿಗ್ರಿಯಲ್ಲಿಟ್ಟರೆ ಆರು ತಿಂಗಳು ಬರುತ್ತದೆ, ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬಾರದು. ಈ ಔಷಧ ನಮ್ಮಲ್ಲಿ ಯಾವಾಗಲೂ ಸಿಗುವುದಿಲ್ಲ. ಮಕ್ಕಳ ಒಂದು ಬಗೆಯ ಸೆಳವಿಗೆ ಬಳಸುವ, ನಿಧಾನವಾಗಿ ಹೀರಿಕೊಳ್ಳುವ ಜೆಲ್ ರೂಪದ ಎಸಿಟಿಎಚ್ ಸಿಗುತ್ತದೆ. ಜೆಲ್ ಬಳಸುವುದಾದರೆ ಕೆಜಿಗೆ 2.2 ಯೂನಿಟ್ ಸ್ನಾಯುವಿಗೆ ಕೊಟ್ಟು, ಎರಡನೇ ರಕ್ತ ಎರಡು ಗಂಟೆಗೆ ತೆಗೆಯುವುದು ಪದ್ಧತಿ.

ಪರೀಕ್ಷೆ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ, ಹಿಂದಿನ ದಿನ ಯಾರೋ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಕೊಟ್ಟಿರುತ್ತಾರೆ. ಲ್ಯಾಬಿನ ಕಿಟ್ ಅದನ್ನೂ ಕಾರ್ಟಿಸಾಲ್ ಎಂದೇ ಎಣಿಸುತ್ತದೆ, ಹೈಡ್ರೊಕಾರ್ಟಿಸೋನ್ ಕೊಟ್ಟರೂ ಅಷ್ಟೇ. ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಮಾತ್ರ ಕಿಟ್‌ಗೆ ಕಾಣುವುದಿಲ್ಲ, ಆದ್ದರಿಂದ ನಾಯಿ ಕಾಯುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಡೆಕ್ಸಾ ಕೊಟ್ಟು ತಕ್ಷಣ ಪರೀಕ್ಷೆ ಶುರು ಮಾಡಬಹುದು. ಆದರೆ ಬಹುದಿನದಿಂದ ಸ್ಟಿರಾಯ್ಡ್ ತಿನ್ನುತ್ತಿದ್ದ ನಾಯಿಯಲ್ಲಿ ಯಾವುದೇ ಸ್ಟಿರಾಯ್ಡ್ ಆದರೂ ಗ್ರಂಥಿಯನ್ನು ಮಲಗಿಸಿರುತ್ತದೆ, ಅಲ್ಲಿ ಫಲಿತಾಂಶಕ್ಕೆ ಬೇರೆ ಅರ್ಥ.

ಈ ಬೇರೆ ಅರ್ಥದ ಬಗ್ಗೆ ಸ್ವಲ್ಪ ಹೇಳಲೇಬೇಕು, ಏಕೆಂದರೆ ನಿಜವಾದ ಅಡಿಸನ್‌ಗಿಂತ ಇದೇ ಹೆಚ್ಚು ಕಾಣುತ್ತದೆ. ತುರಿಕೆಗೆಂದು ತಿಂಗಳುಗಟ್ಟಲೆ ಪ್ರೆಡ್ನಿಸೊಲೋನ್ ಕೊಟ್ಟು, ಗುಣವಾಯಿತೆಂದು ಒಂದು ದಿನ ಥಟ್ಟನೆ ನಿಲ್ಲಿಸುತ್ತಾರೆ. ಮೆದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿ ಎಸಿಟಿಎಚ್ ಕಳಿಸುವುದನ್ನೇ ಬಿಟ್ಟಿರುತ್ತದೆ, ಅಡ್ರಿನಲ್ ಸೊರಗಿರುತ್ತದೆ. ನಾಯಿ ಮಂಕಾಗುತ್ತದೆ, ಊಟ ಬಿಡುತ್ತದೆ, ವಾಂತಿ ಮಾಡುತ್ತದೆ. ಅಲ್ಡೋಸ್ಟಿರಾನ್ ಎಸಿಟಿಎಚ್ ಮೇಲೆ ಅಷ್ಟಾಗಿ ಅವಲಂಬಿತವಲ್ಲದ್ದರಿಂದ ಪೊಟ್ಯಾಸಿಯಂ ಸರಿಯಾಗೇ ಇರುತ್ತದೆ. ಪರಿಹಾರ ಸರಳ: ಕಡಿಮೆ ಪ್ರಮಾಣದಲ್ಲಿ ಮತ್ತೆ ಶುರು ಮಾಡಿ, ವಾರಗಳ ಮೇಲೆ ಇಳಿಸುತ್ತಾ ಬರುವುದು. ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಮಾತ್ರೆಯಿಂದ ಆಗುವ ಹಾನಿಗಳಲ್ಲಿ ಇದೂ ಒಂದು.

ಇನ್ನು ಕುಸಿದು ಬಿದ್ದು ಬರುವ ನಾಯಿ. ಒಸಡು ಬಿಳುಚಿದೆ, ಮೈ ತಣ್ಣಗಿದೆ, ನಾಡಿ ಸಿಗುತ್ತಿಲ್ಲ. ಹೀಗೆ ಶಾಕ್‌ನಲ್ಲಿರುವ ನಾಯಿಯ ಹೃದಯ ನಿಮಿಷಕ್ಕೆ 160–180 ಓಡಬೇಕು. ಬದಲಿಗೆ 60–70 ಇದ್ದರೆ ಪೊಟ್ಯಾಸಿಯಂ ಹೃದಯವನ್ನು ಹಿಡಿದಿದೆ ಎಂದುಕೊಂಡೇ ಮುಂದುವರಿಯಬೇಕು. ಇಸಿಜಿಯಲ್ಲಿ ಟಿ ಅಲೆ ಚೂಪಾಗಿ ಎತ್ತರವಾಗಿರುತ್ತದೆ, ಪಿ ಅಲೆ ಚಪ್ಪಟೆಯಾಗಿ ಕೊನೆಗೆ ಕಾಣೆಯಾಗುತ್ತದೆ. ಎಕ್ಸ್‌ರೇ ತೆಗೆದರೆ ಹೃದಯ ಚಿಕ್ಕದಾಗಿ ಕಾಣುತ್ತದೆ, ರಕ್ತದ ಪ್ರಮಾಣವೇ ಇಳಿದಿರುವುದರಿಂದ.

ಮೊದಲ ಔಷಧ 0.9% ಸಲೈನ್. ಕೆಜಿಗೆ 10ರಿಂದ 20 ಮಿ.ಲೀ., 15–20 ನಿಮಿಷದಲ್ಲಿ. ನಾಡಿ, ಒಸಡು ನೋಡಿ, ಬೇಕಾದರೆ ಮತ್ತೆ. ದ್ರವ ಒಳಗೆ ಹೋದಂತೆ ಕಿಡ್ನಿ ಕೆಲಸ ಹಿಡಿದು ಪೊಟ್ಯಾಸಿಯಂ ತಾನೇ ಇಳಿಯತೊಡಗುತ್ತದೆ. ಹೃದಯದ ಲಯ ತೀರಾ ಕೆಟ್ಟಿದ್ದರೆ 10% ಕ್ಯಾಲ್ಸಿಯಂ ಗ್ಲುಕೊನೇಟ್ ಕೆಜಿಗೆ 0.5ರಿಂದ 1 ಮಿ.ಲೀ., 10–15 ನಿಮಿಷ ಹಿಡಿದು, ಇಸಿಜಿ ನೋಡುತ್ತಲೇ; ಬಡಿತ ಇನ್ನೂ ನಿಧಾನವಾದರೆ ನಿಲ್ಲಿಸಬೇಕು. ಅದು ಪೊಟ್ಯಾಸಿಯಂ ಇಳಿಸುವುದಿಲ್ಲ, ಹೃದಯಕ್ಕೆ ಅರ್ಧ ಗಂಟೆಯ ರಕ್ಷಣೆ ಕೊಡುತ್ತದೆ ಅಷ್ಟೆ. ಇನ್ಸುಲಿನ್ ಕೊಟ್ಟು ಪೊಟ್ಯಾಸಿಯಂ ಇಳಿಸುವ ದಾರಿಯೂ ಇದೆ, ಆದರೆ ಕಾರ್ಟಿಸಾಲ್ ಇಲ್ಲದ ನಾಯಿಯ ಸಕ್ಕರೆ ಮೊದಲೇ ತಳದಲ್ಲಿರುತ್ತದೆ. ಗ್ಲೂಕೋಸ್ ಅಳೆಯದೆ, ಡೆಕ್ಸ್ಟ್ರೋಸ್ ಜತೆಗಿಲ್ಲದೆ ಇನ್ಸುಲಿನ್ ಮುಟ್ಟಬೇಡಿ. ಡೆಕ್ಸಾಮೆಥಾಸೋನ್ ಕೆಜಿಗೆ 0.1–0.2 ಮಿ.ಗ್ರಾಂ ರಕ್ತನಾಳಕ್ಕೆ.

ಬದುಕಿಸಿದ ಮೇಲೆ ಕೆಡಿಸುವ ಅವಕಾಶ ಇನ್ನೂ ಒಂದಿದೆ. ವಾರಗಟ್ಟಲೆ ಕಡಿಮೆಯಿದ್ದ ಸೋಡಿಯಂ ಒಂದೇ ರಾತ್ರಿಯಲ್ಲಿ ಸಹಜಕ್ಕೆ ಬಂದರೆ ಮೆದುಳಿನ ನರಗಳ ಹೊದಿಕೆ ಹಾಳಾಗುತ್ತದೆ. 24 ಗಂಟೆಯಲ್ಲಿ ಏರಿಕೆ ಲೀಟರಿಗೆ 10–12 ಮಿಲಿಈಕ್ವಿವೆಲೆಂಟ್ ದಾಟಬಾರದು, ಅದಕ್ಕಾಗಿ ಮೊದಲ ದಿನ ನಾಲ್ಕಾರು ಗಂಟೆಗೊಮ್ಮೆ ಅಳೆಯಬೇಕು. ಹಾನಿ ಕಾಣಿಸಿಕೊಳ್ಳುವುದು ಮೂರ್ನಾಲ್ಕು ದಿನದ ನಂತರ, ಗುಣವಾಗಿ ಮನೆಗೆ ಹೋದ ನಾಯಿ ತೂರಾಡುತ್ತಾ ವಾಪಸ್ ಬಂದಾಗ. ಆಗ ಯಾರಿಗೂ ಮೊದಲ ದಿನದ ಡ್ರಿಪ್ ನೆನಪಾಗುವುದಿಲ್ಲ.

ಮುಂದಿನದು ಜೀವನಪೂರ್ತಿಯ ಮಾತ್ರೆ. ಹೊರದೇಶಗಳಲ್ಲಿ ಅಲ್ಡೋಸ್ಟಿರಾನ್‌ನ ಕೆಲಸ ಮಾಡುವ ಡಿಒಸಿಪಿ ಎಂಬ ತಿಂಗಳ ಇಂಜೆಕ್ಷನ್ ರೂಢಿ, ನಮ್ಮಲ್ಲಿ ಅದು ಸುಲಭಕ್ಕೆ ಸಿಗದು. ಅದೇ ಕೆಲಸಕ್ಕೆ ಮನುಷ್ಯರಿಗೆಂದು ಬರುವ 0.1 ಮಿ.ಗ್ರಾಂನ ಫ್ಲೂಡ್ರೊಕಾರ್ಟಿಸೋನ್ ಮಾತ್ರೆಯೇ ಗತಿ. ಕೆಜಿಗೆ 0.01 ಮಿ.ಗ್ರಾಂ, ದಿನಕ್ಕೆ ಎರಡು ಸಲ. ಅಂದರೆ 30 ಕೆಜಿ ಲ್ಯಾಬ್ರಡಾರ್‌ಗೆ ಬೆಳಿಗ್ಗೆ ಮೂರು, ಸಂಜೆ ಮೂರು. ಮನುಷ್ಯರಿಗೆ ದಿನಕ್ಕೆ ಒಂದೇ ಮಾತ್ರೆ ಕೊಟ್ಟು ಅಭ್ಯಾಸವಿರುವ ಅಂಗಡಿಯವರು ಚೀಟಿ ತಪ್ಪಾಗಿದೆ ಎಂದುಕೊಳ್ಳುತ್ತಾರೆ, ಆದ್ದರಿಂದ ಚೀಟಿಯಲ್ಲಿ ನಾಯಿಗೆ ಎಂದೂ ತೂಕ ಎಷ್ಟು ಎಂದೂ ಸ್ಪಷ್ಟವಾಗಿ ಬರೆಯಿರಿ. ಸ್ಥಿರವಾಗುವವರೆಗೆ ವಾರ ಎರಡು ವಾರಕ್ಕೊಮ್ಮೆ ಲವಣ ಅಳೆದು ಪ್ರಮಾಣ ಹೊಂದಿಸಬೇಕು. ವರ್ಷ ಕಳೆದಂತೆ ಪ್ರಮಾಣ ಏರುತ್ತಾ ಹೋಗುವುದು ಸಾಮಾನ್ಯ. ಜತೆಗೆ ಕಾರ್ಟಿಸಾಲ್‌ನ ಜಾಗಕ್ಕೆ ಪ್ರೆಡ್ನಿಸೊಲೋನ್, ಕೆಜಿಗೆ ದಿನಕ್ಕೆ 0.1ರಿಂದ 0.2 ಮಿ.ಗ್ರಾಂ. ನಾಯಿ ವಿಪರೀತ ನೀರು ಕುಡಿದು ಮನೆಯೆಲ್ಲ ಮೂತ್ರ ಮಾಡತೊಡಗಿದರೆ ಮೊದಲು ಪ್ರೆಡ್ನಿಸೊಲೋನ್ ಇಳಿಸಿ ನೋಡಿ. ಫ್ಲೂಡ್ರೊಕಾರ್ಟಿಸೋನ್‌ಗೂ ಕಾರ್ಟಿಸಾಲ್‌ನ ಗುಣ ಸ್ವಲ್ಪ ಇದೆ, ಕೆಲವು ನಾಯಿಗಳಿಗೆ ದಿನನಿತ್ಯ ಅದೊಂದೇ ಸಾಕಾಗುತ್ತದೆ. ಪಟಾಕಿ, ಪ್ರಯಾಣ, ಹಲ್ಲಿನ ಚಿಕಿತ್ಸೆ, ಮನೆತುಂಬ ನೆಂಟರ ಮದುವೆ ಇರುವ ದಿನಗಳಲ್ಲಿ ಪ್ರೆಡ್ನಿಸೊಲೋನ್ ಎರಡರಿಂದ ನಾಲ್ಕು ಪಟ್ಟು. ಹಿಂದಿನ ದಿನವೇ ಶುರು ಮಾಡಿ, ಮುಗಿದ ಒಂದೆರಡು ದಿನದಲ್ಲಿ ಮೊದಲಿನ ಪ್ರಮಾಣಕ್ಕೆ. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಇಂಜೆಕ್ಷನ್ನಿಗೆ ಆಸ್ಪತ್ರೆಗೆ ಹೋಗಬೇಕು, ಬೆಳಗಾಗಲಿ ಎಂದು ಕಾಯಬಾರದು.

ಈ ನಾಯಿಗಳನ್ನು ನೋಡಿದವರಿಗೆ ಕಾರ್ಟಿಸಾಲ್ ಅನ್ನು "ಒತ್ತಡದ ಹಾರ್ಮೋನು" ಎಂದು ಕರೆದು ಕೆಟ್ಟದ್ದರ ಪಟ್ಟಿಗೆ ಸೇರಿಸುವುದು ಕಿರಿಕಿರಿ ಅನ್ನಿಸುತ್ತದೆ. ಪ್ರಾಣಿಗಳ ಒತ್ತಡದ ಸಂಶೋಧನೆಯಲ್ಲಿ ಇದೇ ಹಾರ್ಮೋನನ್ನು ಅಳೆಯುತ್ತಾರೆ, ಅಲ್ಲಿ ಬಹಳಷ್ಟು ಗೊಂದಲ ಹುಟ್ಟುವುದು "ಹೆಚ್ಚಿದ್ದರೆ ಸಂಕಟ, ಕಡಿಮೆಯಿದ್ದರೆ ಸುಖ" ಎಂಬ ಓದಿನಿಂದ. ಬೇಟೆ, ಓಟ, ಜತೆಗೂಡುವುದು, ಮರಿ ಹಾಕುವುದು ಎಲ್ಲದರಲ್ಲೂ ಕಾರ್ಟಿಸಾಲ್ ಏರುತ್ತದೆ. ಬಹುಕಾಲದ ಒತ್ತಡದಲ್ಲಿ ಪ್ರತಿಕ್ರಿಯೆಯೇ ಮಂದವಾಗಿ ಮಟ್ಟ ಇಳಿಯುವುದೂ ಉಂಟು. ಕಡಿಮೆ ಅಂಕಿಯ ಕಟ್ಟಕಡೆಯ ಉದಾಹರಣೆ ಆ ಅಡಿಸನ್ ನಾಯಿಯೇ.

ಕಾಡುಪ್ರಾಣಿಯ ರಕ್ತ ತೆಗೆಯುವುದರಲ್ಲಿ ಮೂಲ ತೊಡಕಿದೆ. ಹಿಡಿದ ಕೆಲವೇ ನಿಮಿಷದಲ್ಲಿ ಕಾರ್ಟಿಸಾಲ್ ಏರತೊಡಗುತ್ತದೆ, ಆಮೇಲೆ ನಾವು ಅಳೆಯುವುದು ನಾವೇ ಹುಟ್ಟಿಸಿದ ಭಯವನ್ನು. ಅದಕ್ಕೇ ಲದ್ದಿ, ಹಿಕ್ಕೆ, ಕೂದಲು. ಕೂದಲಿನಲ್ಲಿ ವಾರ ತಿಂಗಳುಗಳ ಲೆಕ್ಕ ಸಿಗುತ್ತದೆ. ಲದ್ದಿಯಲ್ಲಿ ಸಿಗುವುದು ಕರುಳಿನ ಪ್ರಯಾಣದಷ್ಟು ಹಿಂದಿನದು: ನಾಯಿಯಲ್ಲಿ ಸುಮಾರು ಒಂದು ದಿನ, ಏಷ್ಯಾದ ಆನೆಯಲ್ಲಿ ಒಂದೂವರೆ–ಎರಡು ದಿನ. ಮಂಗಳವಾರದ ಮೆರವಣಿಗೆಯ ಪರಿಣಾಮವನ್ನು ಮಂಗಳವಾರದ ಲದ್ದಿಯಲ್ಲಿ ಹುಡುಕಿದರೆ ಸಿಗುವುದು ಭಾನುವಾರದ ಆನೆ.

ಸಂಗ್ರಹಿಸುವ ಕೆಲಸ ಕಾಣುವಷ್ಟು ಸುಲಭವಲ್ಲ. ಹಾಕಿದ್ದು ಯಾವಾಗ ಎಂದು ಗೊತ್ತಿರುವ ಲದ್ದಿ ಬೇಕು, ಏಕೆಂದರೆ ಬ್ಯಾಕ್ಟೀರಿಯಾ ಗಂಟೆಗಂಟೆಗೂ ಹಾರ್ಮೋನಿನ ರೂಪ ಬದಲಿಸುತ್ತಿರುತ್ತದೆ. ಮಳೆ ತೊಳೆದದ್ದು ಬೇಡ. ಒಂದು ಉಂಡೆಯ ಒಂದು ಚೂರಲ್ಲ, ಹಲವು ಉಂಡೆಗಳ ಒಳಭಾಗದಿಂದ ತೆಗೆದು ಕಲಸಿದ್ದು ಬೇಕು, ಹಾರ್ಮೋನು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಜಿಪ್ ಕವರಿನಲ್ಲಿ ಹಾಕಿ, ಐಸ್ ಪೆಟ್ಟಿಗೆಯಲ್ಲಿ ತಂದು, ಮೈನಸ್ 20ರಲ್ಲಿ ಇಡಬೇಕು. ನಂತರ ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿದು ನಾರು ಮತ್ತು ಬೀಜ ಬೇರ್ಪಡಿಸಿ, 0.2 ಗ್ರಾಂ ಪುಡಿಗೆ 5 ಮಿ.ಲೀ. 80–90% ಆಲ್ಕೋಹಾಲ್ ಹಾಕಿ ಕುಲುಕಿ, ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿಯನ್ನು ಅಳೆಯುವುದು ಸಾಮಾನ್ಯ ಕ್ರಮ. ಒಣಗಿಸುವುದು ಏಕೆಂದರೆ ಬೇಸಿಗೆಯ ಗಟ್ಟಿ ಲದ್ದಿ, ಮಳೆಗಾಲದ ನೀರು ಲದ್ದಿ ಎರಡನ್ನೂ ಹಸಿ ತೂಕದಲ್ಲಿ ಹೋಲಿಸಿದರೆ ನೀರಿನ ವ್ಯತ್ಯಾಸವೇ ಹಾರ್ಮೋನಿನ ವ್ಯತ್ಯಾಸವಾಗಿ ಕಾಣುತ್ತದೆ.

ಕಿಟ್‌ನ ಆಯ್ಕೆಯಲ್ಲಿ ಸಂಶೋಧನೆ ಉಳಿಯುವುದು ಅಥವಾ ಅಳಿಯುವುದು. ಬಹಳ ಪ್ರಾಣಿಗಳ ಲದ್ದಿಯಲ್ಲಿ ಕಾರ್ಟಿಸಾಲ್ ಎಂಬುದು ಹೆಚ್ಚುಕಡಿಮೆ ಇರುವುದೇ ಇಲ್ಲ, ಯಕೃತ್ತು ಮತ್ತು ಕರುಳು ಅದನ್ನು ಬೇರೆ ರೂಪಗಳಿಗೆ ತಿರುಗಿಸಿರುತ್ತವೆ. ಮನುಷ್ಯರ ರಕ್ತಕ್ಕೆಂದು ಮಾಡಿದ ಕಾರ್ಟಿಸಾಲ್ ಕಿಟ್‌ಗೆ ಲದ್ದಿಯ ತಿಳಿ ಹಾಕಿದರೂ ಒಂದು ಅಂಕಿ ಬಂದೇ ಬರುತ್ತದೆ, ಅದು ಏನನ್ನು ಅಳೆಯಿತೆಂದು ಮಾತ್ರ ಹೇಳಲಾಗದು. ಮೆಲುಕು ಹಾಕುವ ಪ್ರಾಣಿಗಳಿಗೆಂದು ಈ ಬದಲಾದ ರೂಪಗಳನ್ನು ಗುರುತಿಸುವ ಪರೀಕ್ಷೆಗಳನ್ನು ರೂಪಿಸಿದವರಲ್ಲಿ ವಿಯೆನ್ನಾದ ಪಶುವೈದ್ಯಕೀಯ ವಿಶ್ವವಿದ್ಯಾಲಯದವರು ಮುಖ್ಯರು. ಯಾವ ಕಿಟ್ ಆದರೂ ಆ ಪ್ರಾಣಿಯಲ್ಲಿ ಅದು ಕೆಲಸ ಮಾಡುತ್ತದೆ ಎಂದು ಮೊದಲು ತೋರಿಸಬೇಕು. ಎಸಿಟಿಎಚ್ ಚುಚ್ಚಿ, ನಿರೀಕ್ಷಿಸಿದ ಹೊತ್ತಿಗೆ ಲದ್ದಿಯಲ್ಲಿ ಮಟ್ಟ ಏರುತ್ತದೆಯೇ ನೋಡುವುದು ಒಂದು ದಾರಿ, ಅಂದರೆ ಅಡಿಸನ್ ಪತ್ತೆಗೆ ಮಾಡುವ ಪರೀಕ್ಷೆಯೇ ಇಲ್ಲಿ ಕಿಟ್ ಅನ್ನು ಪರೀಕ್ಷಿಸುತ್ತದೆ. ಚುಚ್ಚಲು ಅನುಮತಿಯಿಲ್ಲದ ಪ್ರಾಣಿಯಾದರೆ, ಸ್ಥಳಾಂತರದಂಥ ಖಚಿತ ಒತ್ತಡದ ಮೊದಲು ಮತ್ತು ನಂತರದ ಲದ್ದಿ ಹೋಲಿಸಬೇಕು.

ಓದುವುದು ಹೇಗೆ ಎಂಬುದಕ್ಕೆ ನಮ್ಮಲ್ಲೇ ಒಳ್ಳೆಯ ಉದಾಹರಣೆ ಇದೆ. ಹೈದರಾಬಾದಿನ ಜೀವವಿಜ್ಞಾನ ಸಂಸ್ಥೆ ಸಿಸಿಎಂಬಿಯ ವನ್ಯಜೀವಿ ಪ್ರಯೋಗಾಲಯದವರು ಮಧ್ಯಪ್ರದೇಶದ ಬಾಂಧವಗಢ ಮತ್ತು ಕಾನ್ಹಾ ಕಾಡುಗಳ ಹುಲಿಗಳ ಮಲ ಪರೀಕ್ಷಿಸಿದಾಗ, ಪ್ರವಾಸಿ ವಾಹನಗಳು ಹೆಚ್ಚಿದ ಅವಧಿಯಲ್ಲಿ ಈ ಹಾರ್ಮೋನಿನ ಮಟ್ಟ ಹೆಚ್ಚಿತ್ತು. ಅದು ಎಲ್ಲರೂ ನಿರೀಕ್ಷಿಸುವ ಉತ್ತರ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಕರ್ನಾಟಕದ ಆನೆಗಳಲ್ಲಿ ಕಂಡದ್ದು ತಿರುಗುಮುರುಗು: ಹೊಲಗದ್ದೆಗೆ ನುಗ್ಗಿ, ಪಟಾಕಿ ಕೂಗಾಟಗಳ ನಡುವೆ ಬದುಕುವ ಹಾಸನ ಭಾಗದ ಆನೆಗಳಲ್ಲಿ ಈ ಮಟ್ಟ ಕಾಡಿನ ಆನೆಗಳಿಗಿಂತ ಕಡಿಮೆ. ಅವರು ಮುಂದಿಟ್ಟ ಕಾರಣ ಊಟ, ಬೆಳೆಯ ಪೌಷ್ಟಿಕತೆ ಕಾಡಿನ ಮೇವಿಗಿಂತ ಹೆಚ್ಚು. ಇದನ್ನು "ತೋಟದ ಆನೆ ನೆಮ್ಮದಿಯಾಗಿದೆ" ಎಂದು ಓದಿದರೆ ತಪ್ಪು. ಹಸಿವು ಈ ಹಾರ್ಮೋನನ್ನು ಮನುಷ್ಯರ ಕೂಗಿಗಿಂತ ಜೋರಾಗಿ ಎಳೆಯಬಲ್ಲದು ಎಂದಷ್ಟೇ ಅದು ಹೇಳುತ್ತದೆ. ವಿದ್ಯುತ್ ಬೇಲಿಗೆ ಸಿಕ್ಕಿ ಸಾಯುವ ಅಪಾಯ ಯಾವ ಲದ್ದಿಯಲ್ಲೂ ಬರುವುದಿಲ್ಲ.

ಹಾಗಾಗಿ ಲದ್ದಿಯ ಕವರಿನ ಮೇಲೆ ದಿನಾಂಕ, ಜಾಗ ಮಾತ್ರ ಬರೆದರೆ ಆ ಮಾದರಿ ಅರ್ಧ ಕುರುಡು. ಗಂಡೋ ಹೆಣ್ಣೋ, ವಯಸ್ಸು, ಮದ ಬಂದಿದೆಯೇ, ಮರಿ ಜತೆಗಿದೆಯೇ, ಮೈಯ ಸ್ಥಿತಿ ಹೇಗಿದೆ, ಹಿಂದಿನ ಎರಡು ದಿನ ಏನು ತಿಂದಿತು, ಎಲ್ಲಿತ್ತು, ಯಾರಾದರೂ ಓಡಿಸಿದರೇ, ಹಾಕಿದ ಎಷ್ಟು ಹೊತ್ತಿಗೆ ಎತ್ತಿಕೊಂಡಿರಿ, ಇಷ್ಟನ್ನೂ ಬರೆಯಬೇಕು. ಒಂದೇ ಆನೆಯ ಹತ್ತು ಲದ್ದಿಯನ್ನು ಹತ್ತು ಆನೆ ಎಂದು ಎಣಿಸಬಾರದು. ಸಾಧ್ಯವಿದ್ದರೆ ಅದೇ ಪ್ರಾಣಿಯ ಹಳೆಯ ಮಾದರಿಗಳ ಜತೆ ಹೋಲಿಸಬೇಕು, ಏಕೆಂದರೆ ಎರಡು ಆರೋಗ್ಯವಂತ ಆನೆಗಳ ನಡುವಿನ ಸಹಜ ಅಂತರವೇ ಕೆಲವೊಮ್ಮೆ ನಾವು ಹುಡುಕುವ ಒತ್ತಡದ ಏರಿಕೆಗಿಂತ ದೊಡ್ಡದಿರುತ್ತದೆ.